ಸತ್ತ ಹೃದಯದ ಸ್ನಾಯು ಮತ್ತೆ ಚಿಗುರುತ್ತದಾ?

ತಿಪಟೂರಿನ ಬಸ್ಸು ಇಳಿದವರೇ ದೊಡ್ಡಪ್ಪ ನೇರವಾಗಿ ತುಮಕೂರಿನಲ್ಲಿ ನಾನು ಕೆಲಸ ಮಾಡುವ ಎಕೋ ರೂಮಿಗೆ, ಅಂದರೆ ಹೃದಯದ ಸ್ಕ್ಯಾನ್ ಮಾಡುವ ಕೋಣೆಗೆ, ಬಂದರು. ಕಂಕುಳಲ್ಲಿ ಆಸ್ಪತ್ರೆ ಫೈಲು. ಏಳು ವಾರದ ಹಿಂದೆ ಅವರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಎದೆ ಉರಿ ಶುರುವಾದಾಗ ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು, ಐದು ಗಂಟೆ ತೋಟದ ಮನೆಯಲ್ಲೇ ಕೂತಿದ್ದರು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದ್ದಾಯಿತು. ಜೀವ ಉಳಿಯಿತು. ಹೃದಯದ ಒಂದು ಭಾಗ ಉಳಿಯಲಿಲ್ಲ.

ಫೈಲಿನೊಳಗಿಂದ ಅವರು ಮಡಿಸಿಟ್ಟ ಒಂದು ಬಣ್ಣದ ಕಾಗದ ತೆಗೆದರು. "ಇದನ್ನ ನೋಡಮ್ಮ. ನಮ್ಮ ಮೂಳೆ ಒಳಗಿರೋ ಸ್ಟೆಮ್ ಸೆಲ್ ತೆಗೆದು ಹಾರ್ಟಿಗೆ ಹಾಕ್ತಾರಂತೆ. ಸತ್ತಿರೋ ಜಾಗ ಮತ್ತೆ ಚಿಗುರುತ್ತಂತೆ. ಮೂರೂವರೆ ಲಕ್ಷ. ತೋಟದ ಮೇಲೆ ಸಾಲ ಎತ್ತಿದ್ರೆ ಆಯ್ತು ಕಣಮ್ಮ."

ಅವರ ಕಣ್ಣಲ್ಲಿದ್ದ ಆಸೆ ನೋಡಿ ನನಗೆ ತಕ್ಷಣ ಮಾತು ಬರಲಿಲ್ಲ. "ಸುಮ್ನೆ ಮೋಸ, ಬಿಡಿ" ಅಂದುಬಿಟ್ಟರೆ ಅದು ಉತ್ತರವಾಗುವುದಿಲ್ಲ. ಯಾಕೆಂದರೆ ಈ ಪ್ರಶ್ನೆಯನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ದೊಡ್ಡ ದೊಡ್ಡ ವಿಜ್ಞಾನಿಗಳೇ ಕೇಳಿದ್ದಾರೆ. ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ಆ ಪರೀಕ್ಷೆಗಳು ಹೇಗೆ ನಡೆದವು, ಎಲ್ಲಿ ದಾರಿ ತಪ್ಪಿದವು, ಕೊನೆಗೆ ಏನು ಸಿಕ್ಕಿತು ಅಂತ ದೊಡ್ಡಪ್ಪನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರನ್ನು ಎಡಕ್ಕೆ ಹೊರಳಿಸಿ ಮಲಗಿಸಿ, ಎದೆಗೆ ಜೆಲ್ ಹಚ್ಚಿ, ಪರದೆಯನ್ನು ಅವರ ಕಡೆ ತಿರುಗಿಸಿದೆ. ಪ್ರತಿ ಬಡಿತಕ್ಕೂ ಹೃದಯದ ಗೋಡೆ ದಪ್ಪವಾಗಿ ಒಳಕ್ಕೆ ಸರಿಯುತ್ತದೆ, ಮುಷ್ಟಿ ಬಿಗಿ ಹಿಡಿದ ಹಾಗೆ. ದೊಡ್ಡಪ್ಪನ ಹೃದಯದಲ್ಲಿ ಹಿಂದಿನ ಗೋಡೆ ಚೆನ್ನಾಗಿ ಬಿಗಿಯುತ್ತಿತ್ತು. ಮುಂದಿನ ಗೋಡೆ ಮತ್ತು ತುದಿ ಮಾತ್ರ ತೆಳ್ಳಗೆ, ಸ್ವಲ್ಪ ಬೆಳ್ಳಗೆ ಕಾಣುತ್ತಾ ಹಾಗೇ ನಿಂತಿತ್ತು. ಪಕ್ಕದ ಗೋಡೆ ಎಳೆದಾಗ ಸುಮ್ಮನೆ ಅದರ ಜೊತೆ ಅಲುಗುತ್ತಿತ್ತು, ಅಷ್ಟೇ. ಅದು ಸತ್ತ ಜಾಗ. ಅಲ್ಲಿ ಈಗಿರುವುದು ಸ್ನಾಯು ಅಲ್ಲ, ಗಾಯ ಮಾಗಿದ ಮೇಲೆ ಉಳಿಯುವ ಗಟ್ಟಿ ನಾರು.

ದೊಡ್ಡವರ ಹೃದಯದಲ್ಲಿ ಬಡಿಯುವ ಕೆಲಸ ಮಾಡುವ ಸ್ನಾಯುಕೋಶಗಳು ಸುಮಾರು 200ರಿಂದ 300 ಕೋಟಿ ಇರುತ್ತವೆ. ದೊಡ್ಡ ಅಟ್ಯಾಕ್ ಆದರೆ ಅದರಲ್ಲಿ 100 ಕೋಟಿಯಷ್ಟು ಕೆಲವೇ ಗಂಟೆಗಳಲ್ಲಿ ಸತ್ತುಹೋಗಬಹುದು. ಕೈ ಕುಯ್ದರೆ ಚರ್ಮ ಮತ್ತೆ ಬೆಳೆಯುತ್ತದೆ. ಲಿವರ್‌ನ ಒಂದು ಭಾಗ ಕತ್ತರಿಸಿದರೂ ಉಳಿದದ್ದು ಬೆಳೆದು ಆ ಜಾಗ ತುಂಬುತ್ತದೆ. ಹೃದಯ ಯಾಕೆ ಹಾಗಲ್ಲ?

ನಮ್ಮ ತೋಟದಲ್ಲೇ ಇದಕ್ಕೆ ಹೋಲಿಕೆ ಇದೆ. ಬಾಳೆ ಗಿಡ ಕಡಿದರೂ ಬುಡದಿಂದ ಕಂದು ಏಳುತ್ತದೆ. ತೆಂಗಿನ ಮರಕ್ಕೆ ಇರುವುದು ಒಂದೇ ಸುಳಿ. ಸುಳಿ ಕೊಳೆ ರೋಗ ಬಂದು ಅದು ಹೋಯಿತು ಅಂದರೆ ಪಕ್ಕದಿಂದ ಇನ್ನೊಂದು ಸುಳಿ ಬರುವುದಿಲ್ಲ. ಚರ್ಮ, ರಕ್ತ, ಕರುಳಿನ ಒಳಪದರ ಇವೆಲ್ಲ ಬಾಳೆಯ ಜಾತಿ. ಅವುಗಳಲ್ಲಿ ಕಂದಿನಂಥ ಕೋಶಗಳು ಸದಾ ಇರುತ್ತವೆ. ಅವೇ ವಯಸ್ಕರ ಸ್ಟೆಮ್ ಸೆಲ್‌ಗಳು, ಅಂದರೆ ಆಕರಕೋಶಗಳು. ಹೃದಯ ಹೆಚ್ಚುಕಡಿಮೆ ತೆಂಗಿನ ಜಾತಿ.

"ಹೆಚ್ಚುಕಡಿಮೆ" ಅಂದಿದ್ದಕ್ಕೆ ಕಾರಣವಿದೆ. ಹೃದಯದ ಕೋಶಗಳು ಒಂದಿಷ್ಟೂ ಹೊಸದಾಗಿ ಹುಟ್ಟುವುದಿಲ್ಲ ಅಂತಲೇ ಬಹಳ ಕಾಲ ನಂಬಿದ್ದರು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರೀಸೆನ್ ಅವರ ತಂಡ 2009ರಲ್ಲಿ ಇದನ್ನು ಅಳೆದ ರೀತಿ ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ. 1950ರ ದಶಕದಿಂದ 1963ರವರೆಗೆ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬ್ ಪರೀಕ್ಷೆ ಮಾಡಿದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನುವ ಅಂಶ ಜಾಸ್ತಿಯಾಯಿತು, ಪರೀಕ್ಷೆ ನಿಂತ ಮೇಲೆ ವರ್ಷ ವರ್ಷಕ್ಕೂ ಇಳಿಯುತ್ತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ನಮ್ಮ ಊಟಕ್ಕೆ, ಊಟದಿಂದ ನಮ್ಮ ಕೋಶದ ಡಿಎನ್‌ಎಗೆ ಅದು ಸೇರುತ್ತದೆ. ಒಂದು ಕೋಶ ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಹಾಗೇ ಉಳಿಯುತ್ತದೆ. ಅದನ್ನು ಅಳೆದರೆ ಕೋಶದ ವಯಸ್ಸು ಗೊತ್ತಾಗುತ್ತದೆ. ಹಾಗೆ ಲೆಕ್ಕ ಹಾಕಿದಾಗ ತಿಳಿದದ್ದು ಇದು: 25ನೇ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಸ್ನಾಯುಕೋಶ ಹೊಸದಾಗುತ್ತದೆ. 75ರ ಹೊತ್ತಿಗೆ ನೂರಕ್ಕೆ ಅರ್ಧ ಕೋಶವೂ ಇಲ್ಲ. ಇಡೀ ಆಯಸ್ಸಿನಲ್ಲಿ ಅರ್ಧದಷ್ಟು ಕೋಶವೂ ಬದಲಾಗುವುದಿಲ್ಲ. ಒಂದೇ ದಿನದಲ್ಲಿ 100 ಕೋಟಿ ಹೋದಾಗ ಈ ಆದಾಯ ಯಾವುದಕ್ಕೂ ಸಾಲದು.

ಹಾಗಾದರೆ ಬೇರೆ ಕಡೆಯ ಕಂದನ್ನು ತಂದು ಇಲ್ಲಿ ನೆಡಬಾರದೇಕೆ? ಆಸೆ ಹುಟ್ಟಿದ್ದು ಇಲ್ಲಿಂದ. ಅದು ಹುಚ್ಚು ಆಸೆಯೇನೂ ಆಗಿರಲಿಲ್ಲ. ಮೂಳೆಯ ಮಜ್ಜೆಯಲ್ಲಿರುವ ಆಕರಕೋಶಗಳನ್ನು ಕಸಿ ಮಾಡಿ ರಕ್ತದ ಕ್ಯಾನ್ಸರ್ ವಾಸಿ ಮಾಡುವುದನ್ನು ವೈದ್ಯರು ಆಗಲೇ ಸಾಧಿಸಿದ್ದರು. ಅದಕ್ಕಾಗಿ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಕೂಡ ಬಂದಿತ್ತು. ಆದರೆ ಅಲ್ಲಿ ಆ ಕೋಶಗಳು ಮಾಡುವುದು ಅವುಗಳ ಹುಟ್ಟುಕೆಲಸವನ್ನೇ. ರಕ್ತ ಹುಟ್ಟಿಸುವ ಕೋಶ ರಕ್ತ ಹುಟ್ಟಿಸುತ್ತದೆ. ಬಾಳೆ ಕಂದಿನಿಂದ ಬಾಳೆ. ಬಾಳೆ ಕಂದು ನೆಟ್ಟು ತೆಂಗು ಬೆಳೆಯಬಹುದಾ ಅನ್ನುವುದು ಬೇರೆಯೇ ಪ್ರಶ್ನೆ.

ಬೆಳೆಯಬಹುದು ಅಂತ 2001ರಲ್ಲಿ ಒಂದು ತಂಡ ಹೇಳಿತು. ಅಮೆರಿಕದಲ್ಲಿ ಪಿಯೆರೊ ಆನ್ವರ್ಸಾ ಅವರ ತಂಡ ಇಲಿಗಳ ಹೃದಯಕ್ಕೆ ಗಾಯ ಮಾಡಿ, ಅಲ್ಲಿಗೆ ಮಜ್ಜೆಯ ಕೋಶ ಚುಚ್ಚಿತು. ಒಂಬತ್ತೇ ದಿನದಲ್ಲಿ ಗಾಯದ ಜಾಗದಲ್ಲಿ ನೂರಕ್ಕೆ 68 ಭಾಗ ಹೊಸ ಸ್ನಾಯುವಿನಿಂದ ತುಂಬಿಕೊಂಡಿದೆ ಅಂತ 'ನೇಚರ್' ಪತ್ರಿಕೆಯಲ್ಲಿ ಬರೆಯಿತು. ಅದೇ ವರ್ಷವೇ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಮನುಷ್ಯರ ಹೃದಯಕ್ಕೂ ಮಜ್ಜೆಯ ಕೋಶ ಬಿಡಲು ಶುರು ಮಾಡಿದರು. ಇಲಿಯ ಫಲಿತಾಂಶವನ್ನು ಇನ್ನೊಬ್ಬರು ಮಾಡಿ ನೋಡುವ ಮೊದಲೇ ಮನುಷ್ಯರ ಸರದಿ ಬಂದಿತ್ತು. ಇಲ್ಲಿ ಮೂರು ವರ್ಷ ತಡೆದಿದ್ದರೆ ಎಷ್ಟೋ ಒಳ್ಳೆಯದಿತ್ತು ಅಂತ ನನಗನ್ನಿಸುತ್ತದೆ.

ಯಾಕೆಂದರೆ 2004ರಲ್ಲಿ, ಅದೇ 'ನೇಚರ್'ನಲ್ಲಿ, ಬೇರೆ ಬೇರೆ ಎರಡು ತಂಡಗಳು ಅದೇ ಪ್ರಯೋಗ ಮಾಡಿ ನೋಡಿದ್ದನ್ನು ಬರೆದವು. ಅವರು ಮಾಡಿದ ಪರೀಕ್ಷೆ ಬಹಳ ಜಾಣತನದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿ "ಇದು ಹೃದಯದ ಕೋಶದ ಹಾಗೇ ಇದೆ" ಅನ್ನುವುದು ಸುಲಭ. ಸ್ನಾಯು ತನ್ನಷ್ಟಕ್ಕೇ ಸಣ್ಣ ಬೆಳಕು ಸೂಸುವುದರಿಂದ ಕಣ್ಣಿಗೆ ಮೋಸವೂ ಆಗುತ್ತದೆ. ಹಾಗಾಗಿ ಸಿಯಾಟಲ್‌ನ ಚಾರ್ಲ್ಸ್ ಮರ್ರಿ ಮತ್ತು ಅವರ ಜೊತೆಯವರು ಕೋಶಕ್ಕೇ ಒಂದು ಗುರುತು ಹಾಕಿದರು. ಆ ಕೋಶ ನಿಜವಾಗಿ ಹೃದಯದ ಸ್ನಾಯುವಾಗಿ ಬದಲಾದರೆ ಮಾತ್ರ ಗುರುತು ಎದ್ದು ಕಾಣಬೇಕು, ಇಲ್ಲದಿದ್ದರೆ ಕಾಣಬಾರದು. ಜಾತ್ರೆಗೆ ಬಿಟ್ಟ ದನಕ್ಕೆ ಮುದ್ರೆ ಹಾಕಿದ ಹಾಗೆ. ಎಷ್ಟೋ ಇಲಿಗಳಲ್ಲಿ ಹುಡುಕಿದರು. ಗುರುತು ಎಲ್ಲೂ ಹೊತ್ತಿಕೊಳ್ಳಲಿಲ್ಲ. ಸ್ಟ್ಯಾನ್‌ಫರ್ಡ್‌ನ ತಂಡ ಕಂಡದ್ದೂ ಅದೇ. ಹೃದಯಕ್ಕೆ ಹಾಕಿದರೂ ಆ ಕೋಶಗಳು ರಕ್ತದ ಕೋಶಗಳೇ ಆದವು.

ಅಷ್ಟೊತ್ತಿಗೆ ಆಸ್ಪತ್ರೆಗಳಲ್ಲಿ ರೋಗಿಗಳ ಮೇಲೆ ಪರೀಕ್ಷೆಗಳು ಭರದಿಂದ ನಡೆಯುತ್ತಿದ್ದವು.

ದೊಡ್ಡಪ್ಪನಿಗೆ ಮಾಡುತ್ತೇವೆ ಅಂದ ಚಿಕಿತ್ಸೆ ಹೇಗಿರುತ್ತದೆ ಅಂತ ಹೇಳಿದೆ. ಸೊಂಟದ ಹಿಂಭಾಗದ ಮೂಳೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿ ತಿರುಗಿಸಿ ಮೂಳೆಯೊಳಗೆ ಇಳಿಸುತ್ತಾರೆ. ಸಿರಿಂಜ್ ಎಳೆದಾಗ ಮರಗಟ್ಟಿದ್ದರೂ ಒಳಗಿನಿಂದ ಜಗ್ಗಿದ ಹಾಗೆ ನೋಯುತ್ತದೆ. ಬರುವುದು ಗಾಢ ಕೆಂಪು ಮಜ್ಜೆ. ಲ್ಯಾಬಿನಲ್ಲಿ ಅದನ್ನು ತಿರುಗಿಸಿ ಬೇಕಾದ ಕೋಶ ಬೇರೆ ಮಾಡುತ್ತಾರೆ. ಆಮೇಲೆ ಆಂಜಿಯೋಗ್ರಾಂ ಮಾಡುವಾಗಿನ ಹಾಗೆಯೇ ತೆಳ್ಳನೆ ನಳಿಕೆಯನ್ನು ಹೃದಯದ ರಕ್ತನಾಳಕ್ಕೆ ತಂದು, ಬಲೂನು ಉಬ್ಬಿಸಿ ರಕ್ತವನ್ನು ಸ್ವಲ್ಪ ಹೊತ್ತು ತಡೆದು ಕೋಶಗಳನ್ನು ಬಿಡುತ್ತಾರೆ.

ಹೀಗೆ ಬಿಟ್ಟ ಕೋಶಗಳು ಎಲ್ಲಿ ಹೋಗುತ್ತವೆ? ಜರ್ಮನಿಯ ಹ್ಯಾನೋವರ್‌ನವರು 2005ರಲ್ಲಿ ಕೋಶಗಳಿಗೆ ವಿಕಿರಣದ ಗುರುತು ಹಾಕಿ ಸ್ಕ್ಯಾನ್ ಮಾಡಿ ನೋಡಿದರು. ಸುಮಾರು ಒಂದು ಗಂಟೆಯ ಹೊತ್ತಿಗೇ ಹೃದಯದಲ್ಲಿ ಉಳಿದದ್ದು ನೂರಕ್ಕೆ ಒಂದರಿಂದ ಮೂರರೊಳಗೆ. ಉಳಿದವು ಹೆಚ್ಚಾಗಿ ಲಿವರ್ ಮತ್ತು ಗುಲ್ಮ ಸೇರಿದ್ದವು.

ಆದರೂ ರೋಗಿಗಳು ಸುಧಾರಿಸಿದರು! ಇದನ್ನು ಅರ್ಥ ಮಾಡಿಕೊಳ್ಳದೆ ಈ ವಿಷಯ ಅರ್ಥವಾಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೃದಯದ ಶಕ್ತಿಯನ್ನು ನಾವು ಇ.ಎಫ್. ಅನ್ನುವ ಒಂದು ಅಂಕಿಯಲ್ಲಿ ಹೇಳುತ್ತೇವೆ. ಎಡಕೋಣೆಯಲ್ಲಿ 100 ಎಂ.ಎಲ್. ರಕ್ತ ತುಂಬಿ ಒಂದು ಬಡಿತಕ್ಕೆ 60 ಹೊರಗೆ ಹೋದರೆ ಇ.ಎಫ್. 60. ಅಟ್ಯಾಕ್ ಆದ ವಾರದಲ್ಲಿ ದೊಡ್ಡಪ್ಪನ ಇ.ಎಫ್. 32 ಇತ್ತು. ಏಳು ವಾರದ ನಂತರ, ಆವತ್ತು ನಾನು ಅಳೆದಾಗ 38 ಬಂತು. ಆರು ಅಂಕಿ ಜಾಸ್ತಿ.

ಅವರು ಯಾವ ಸ್ಟೆಮ್ ಸೆಲ್ಲೂ ಹಾಕಿಸಿಕೊಂಡಿರಲಿಲ್ಲ ಅಲ್ವಾ? ಹಾಗಾದರೆ ಏರಿದ್ದು ಹೇಗೆ? ರಕ್ತ ನಿಂತಾಗ ಒಂದಷ್ಟು ಸ್ನಾಯು ಸಾಯುತ್ತದೆ. ಅದರ ಸುತ್ತಲಿನ ಇನ್ನೊಂದಷ್ಟು ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಸ್ಟೆಂಟ್ ಹಾಕಿ ರಕ್ತ ಬಿಟ್ಟ ಮೇಲೆ ಅದು ದಿನಗಳಲ್ಲಿ, ವಾರಗಳಲ್ಲಿ ಎಚ್ಚರವಾಗುತ್ತದೆ. ಮಾತ್ರೆಗಳು ಹೃದಯದ ಮೇಲಿನ ಭಾರ ಇಳಿಸುತ್ತವೆ. ಅಟ್ಯಾಕ್ ಆದ ವಾರದಲ್ಲೇ ಅವರು ಆ ಮೂರೂವರೆ ಲಕ್ಷ ಕಟ್ಟಿ ಬಂದಿದ್ದರೆ, ಈ ಆರು ಅಂಕಿ ಸ್ಟೆಮ್ ಸೆಲ್‌ನ ಹೆಸರಿಗೆ ಹೋಗುತ್ತಿತ್ತು. ಅವರು ಊರಿಗೆಲ್ಲ ಹೇಳುತ್ತಿದ್ದರು. ಸುಳ್ಳು ಹೇಳಿದಂತೆಯೂ ಅಲ್ಲ, ಅವರು ಕಂಡದ್ದೇ ಅದು.

"ನಿಮ್ಮ ತೋಟದ ಹರಳು ಕಥೆ ನೆನಪಿದೆಯಾ ದೊಡ್ಡಪ್ಪ?" ಅಂದೆ. ಕೆಲವು ವರ್ಷದ ಹಿಂದೆ ತೆಂಗಿನ ಹರಳು, ಅಂದರೆ ಎಳೆಯ ಕಾಯಿ, ವಿಪರೀತ ಉದುರುತ್ತಿತ್ತು. ದೊಡ್ಡಪ್ಪ ಯಾರೋ ಹೇಳಿದ ಔಷಧಿ ತಂದು ಎಲ್ಲ ಮರದ ಬೇರಿಗೂ ಕಟ್ಟಿದರು. ಮುಂದಿನ ವರ್ಷ ಉದುರುವುದು ನಿಂತಿತು. ಔಷಧಿಯ ಗುಣವೇ ಗುಣ ಅಂತ ಖುಷಿಪಟ್ಟರು. ಆದರೆ ಆ ವರ್ಷ ಮಳೆ ಚೆನ್ನಾಗಿತ್ತು. ಬೇಲಿಯಾಚೆ, ಏನೂ ಕಟ್ಟದ ಚಿಕ್ಕಪ್ಪನ ತೋಟದಲ್ಲೂ ಹರಳು ನಿಂತಿತ್ತು. ಔಷಧಿ ಕೆಲಸ ಮಾಡಿತಾ ಅಂತ ತಿಳಿಯಬೇಕಾದರೆ ಅರ್ಧ ತೋಟಕ್ಕೆ ಕಟ್ಟಬೇಕು, ಅರ್ಧಕ್ಕೆ ಬಿಡಬೇಕು. ಯಾವ ಮರಕ್ಕೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಇಲ್ಲದಿದ್ದರೆ ನೀರಿನ ಪಕ್ಕದ ಒಳ್ಳೆ ಮರಗಳಿಗೇ ಕೈ ಹೋಗುತ್ತದೆ. ಕಾಯಿ ಎಣಿಸುವವರಿಗೆ ಯಾವ ಮರಕ್ಕೆ ಔಷಧಿ ಬಿದ್ದಿದೆ ಅಂತ ಗೊತ್ತಿರಬಾರದು. ಮನುಷ್ಯರ ಮೇಲಿನ ಪರೀಕ್ಷೆಯೂ ಇಷ್ಟೇ.

ಹ್ಯಾನೋವರ್‌ನಲ್ಲಿ 2004ರಲ್ಲಿ ಹೀಗೆ 60 ರೋಗಿಗಳನ್ನು ಎರಡು ಪಾಲು ಮಾಡಿದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ, ಅರ್ಧ ಜನಕ್ಕೆ ಜೊತೆಗೆ ಮಜ್ಜೆಯ ಕೋಶ. ಆರು ತಿಂಗಳಿಗೆ ಕೋಶ ಪಡೆದವರ ಇ.ಎಫ್. 6.7 ಏರಿತ್ತು, ಉಳಿದವರದು ಬರೀ 0.7. ಜಗತ್ತೆಲ್ಲ ಸುದ್ದಿಯಾಯಿತು. ಅದೇ ರೋಗಿಗಳನ್ನು ಹದಿನೆಂಟು ತಿಂಗಳಿಗೆ ಅಳೆದಾಗ ಇನ್ನೊಂದು ಗುಂಪೂ ಏರಿತ್ತು. ಇಬ್ಬರ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಉಳಿದಿರಲಿಲ್ಲ. ಈ ಎರಡನೇ ಸುದ್ದಿಯನ್ನು ಯಾರೂ ಅಷ್ಟಾಗಿ ಓದಲಿಲ್ಲ.

2006ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪರೀಕ್ಷೆ ಬಂದವು. ಜರ್ಮನಿಯ ಮುಂದಾಳತ್ವದಲ್ಲಿ 204 ರೋಗಿಗಳ ಮೇಲೆ ನಡೆದದ್ದು ಸ್ವಲ್ಪ ಗುಣವಿದೆ ಅಂದಿತು: 5.5ಕ್ಕೆ ಎದುರಾಗಿ 3.0. ನಾರ್ವೆಯಲ್ಲಿ 100 ರೋಗಿಗಳ ಮೇಲೆ ನಡೆದದ್ದು ಗುಣವಿಲ್ಲ ಅಂದಿತು. ಎರಡೂವರೆ ಅಂಕಿ ಅಂದರೆ ಎಷ್ಟು ಅಂತ ಎಕೋ ಮಾಡುವವರನ್ನು ಕೇಳಬೇಕು. ಹೃದಯ ಉಬ್ಬಿದಾಗ ಒಂದು ಸಲ, ಕುಗ್ಗಿದಾಗ ಒಂದು ಸಲ, ಒಳಗೋಡೆಯ ಅಂಚಿನ ಮೇಲೆ ನಾವು ಕೈಯಿಂದಲೇ ಗೆರೆ ಎಳೆಯುತ್ತೇವೆ. ಅಂಚು ಮಸುಕಾಗಿರುತ್ತದೆ. ಗೆರೆ ಒಂದು ಕೂದಲು ಆಚೆ ಈಚೆ ಹೋದರೆ ಅಂಕಿ ಬದಲಾಗುತ್ತದೆ. ಒಂದೇ ಹೃದಯವನ್ನು ಇಬ್ಬರು ಅಳೆದರೆ ಐದು ಅಂಕಿ ಹೆಚ್ಚುಕಡಿಮೆ ಬರುವುದು ಮಾಮೂಲು. ಆವತ್ತು ದೊಡ್ಡಪ್ಪನಿಗೂ ಪಕ್ಕದ ರೂಮಿನವರನ್ನು ಕರೆದು ಇನ್ನೊಮ್ಮೆ ಅಳೆಸಿದೆ. ಅವರಿಗೆ 35 ಬಂತು. ಹಳೆಯ 32 ನನ್ನ ತಲೆಯಲ್ಲಿತ್ತು, ದೊಡ್ಡಪ್ಪ ಚೆನ್ನಾಗಿರಲಿ ಅನ್ನುವ ಆಸೆಯೂ ಇತ್ತು. ನನ್ನ ಕೈ ಆ ಗೆರೆಯನ್ನು ಎತ್ತ ಎಳೆದಿತ್ತು ಅಂತ ಹೇಗೆ ಹೇಳಲಿ?

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡ್ಯಾರೆಲ್ ಫ್ರಾನ್ಸಿಸ್ ಅವರ ತಂಡ 2014ರಲ್ಲಿ ಮಾಡಿದ ಕೆಲಸವನ್ನು ವೈದ್ಯಕೀಯ ಓದುವ ಪ್ರತಿಯೊಬ್ಬರಿಗೂ ತೋರಿಸಬೇಕು. ಅವರು ಹೊಸ ರೋಗಿಗಳನ್ನು ಮುಟ್ಟಲಿಲ್ಲ. ಮಜ್ಜೆಯ ಕೋಶದ ಬಗ್ಗೆ ಅಲ್ಲಿಯವರೆಗೆ ಬಂದಿದ್ದ 49 ಪರೀಕ್ಷೆಗಳ 133 ವರದಿಗಳನ್ನು ಸಾಲು ಸಾಲಾಗಿ ಓದಿದರು. ಒಳಗೊಳಗೇ ತಾಳೆಯಾಗದ ಮಾತುಗಳನ್ನು ಗುರುತು ಹಾಕಿಕೊಂಡರು. ಒಂದು ಕಡೆ ಚೀಟಿ ಎತ್ತಿ ಹಂಚಿದೆವು ಅಂತ, ಇನ್ನೊಂದು ಕಡೆ ಹಾಗಲ್ಲ ಅಂತ. ಕೂಡಿದರೆ ಸರಿಹೋಗದ ಲೆಕ್ಕಗಳು. ಹೀಗೆ 600ಕ್ಕೂ ಜಾಸ್ತಿ ಸಿಕ್ಕವು. ಆಮೇಲೆ ಯಾವ ಪರೀಕ್ಷೆಯಲ್ಲಿ ಎಷ್ಟು ಎಡವಟ್ಟು, ಎಷ್ಟು ಗುಣ ಅಂತ ಪಕ್ಕಪಕ್ಕ ಇಟ್ಟರು. ಮೂವತ್ತಕ್ಕಿಂತ ಜಾಸ್ತಿ ಎಡವಟ್ಟಿದ್ದ ಐದು ಪರೀಕ್ಷೆಗಳಲ್ಲಿ ಇ.ಎಫ್. ಸರಾಸರಿ 7.7 ಏರಿತ್ತು. ಎಡವಟ್ಟು ಕಡಿಮೆಯಾದಂತೆ ಗುಣವೂ ಇಳಿಯುತ್ತಾ ಬಂತು. ಒಂದೂ ಎಡವಟ್ಟಿಲ್ಲದ ಐದು ಪರೀಕ್ಷೆಗಳಲ್ಲಿ ಏರಿಕೆಯೇ ಇರಲಿಲ್ಲ, ಸೊನ್ನೆಗಿಂತ 0.4 ಕೆಳಗೆ ಇತ್ತು.

ಇದನ್ನು ಹೇಳಿದಾಗ ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊಬ್ಬರಿ ತೂಕದಲ್ಲಿ ನಲವತ್ತು ವರ್ಷ ಕಳೆದವರು ಅವರು. ತಕ್ಕಡಿಯ ಮಾತು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆನ್ವರ್ಸಾ ಅವರ ಕಥೆಯೂ ಮುಗಿಸಿಬಿಡುತ್ತೇನೆ. ಮಜ್ಜೆಯ ಕೋಶದ ನಂತರ ಅವರು, ಹೃದಯದೊಳಗೇ ಆಕರಕೋಶ ಇದೆ ಅಂದರು. ಆ ಕೋಶಗಳನ್ನು ರೋಗಿಗಳಿಗೆ ಹಾಕಿದ ಪರೀಕ್ಷೆ 2011ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆದರೆ ಬೇರೆ ಪ್ರಯೋಗಾಲಯಗಳಲ್ಲಿ ಆ ಕೋಶ ಹೃದಯದ ಸ್ನಾಯುವಾಗುವುದು ಕಾಣುವುದೇ ಅಪರೂಪವಾಗಿತ್ತು. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗ್‌ಹ್ಯಾಮ್ ಆಸ್ಪತ್ರೆ, ಅವರ ಪ್ರಯೋಗಾಲಯದ 31 ಲೇಖನಗಳಲ್ಲಿ ತಿರುಚಿದ ಅಥವಾ ಸೃಷ್ಟಿಸಿದ ಮಾಹಿತಿ ಇದೆ, ಅವನ್ನು ವಾಪಸ್ ತೆಗೆಯಿರಿ ಅಂತ ಪತ್ರಿಕೆಗಳನ್ನು ಕೇಳಿದವು. 'ಲ್ಯಾನ್ಸೆಟ್' ಆ ಲೇಖನವನ್ನು 2019ರಲ್ಲಿ ವಾಪಸ್ ತೆಗೆಯಿತು. ಅದನ್ನು ನಂಬಿ ಎದೆ ಒಡ್ಡಿದ ರೋಗಿಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಎಲ್ಲರೂ ಮೋಸ ಮಾಡಿದರು ಅಂತ ಅಲ್ಲ. ಬಹಳ ಜನ ಶ್ರದ್ಧೆಯಿಂದಲೇ ಕೆಲಸ ಮಾಡಿದರು. ಇ.ಎಫ್. ನಂಬುವ ಹಾಗಿಲ್ಲ, ರೋಗಿ ಬದುಕಿದ್ದಾರಾ ಇಲ್ಲವಾ ಅಂತಲೇ ಎಣಿಸೋಣ ಅಂತ ಯುರೋಪಿನಲ್ಲಿ 3,000 ಜನರ ಪರೀಕ್ಷೆಗೆ ಹೊರಟರು. ಸಾವನ್ನು ಎಣಿಸುವಾಗ ಗೆರೆ ಎಳೆಯುವ ಕೈಯ ಪ್ರಶ್ನೆ ಬರುವುದಿಲ್ಲ. ಸಿಕ್ಕಿದ್ದು 375 ಜನ ಮಾತ್ರ. ಎರಡು ವರ್ಷದಲ್ಲಿ ಕೋಶ ಪಡೆದವರಲ್ಲಿ ನೂರಕ್ಕೆ 3.26 ಜನ ತೀರಿಕೊಂಡಿದ್ದರು, ಪಡೆಯದವರಲ್ಲಿ 3.82. ಇಷ್ಟು ಕಡಿಮೆ ಜನರಲ್ಲಿ ಇದನ್ನು ವ್ಯತ್ಯಾಸ ಅನ್ನಲಾಗದು. ಅಮೆರಿಕ ಮತ್ತು ಕೆನಡಾದಲ್ಲಿ 537 ಹೃದಯ ವೈಫಲ್ಯದ ರೋಗಿಗಳ ಮೇಲೆ ಬೇರೆಯವರ ಮಜ್ಜೆಯಿಂದ ಬೆಳೆಸಿದ 15 ಕೋಟಿ ಕೋಶ ಹಾಕಿ ನೋಡಿದರು. ಕೋಶ ಸಿಗದವರಿಗೂ, ಸಿಕ್ಕಿತು ಅನ್ನಿಸುವ ಹಾಗೆ, ಎಲ್ಲ ತಯಾರಿಯನ್ನೂ ನಟಿಸಿ ತೋರಿಸಿದರು. ಮತ್ತೆ ಮತ್ತೆ ಆಸ್ಪತ್ರೆಗೆ ಸೇರುವುದು ಕಡಿಮೆಯಾಗಲಿಲ್ಲ. ಹಾರ್ಟ್ ಅಟ್ಯಾಕ್ ಮತ್ತು ಸ್ಟ್ರೋಕ್ ಕಡಿಮೆ ಕಂಡವು. ಅದು ನಿಜವಾ ಅಂತ ತಿಳಿಯಲು ಇನ್ನೊಂದು ಪರೀಕ್ಷೆ ಬೇಕು. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯೂ ಅಟ್ಯಾಕ್ ಆದ 20 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಅಪಾಯ ಕಾಣಲಿಲ್ಲ, ಇ.ಎಫ್.ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೂ ಕಾಣಲಿಲ್ಲ. ಆಗಲಿಲ್ಲ ಅನ್ನುವುದನ್ನೂ ಹೀಗೆ ಮುಚ್ಚಿಡದೆ ಬರೆದವರ ಮೇಲೆ ನನಗೆ ಗೌರವವಿದೆ.

ಇನ್ನೊಂದು ಪ್ರಯೋಗ ಹೇಳಲೇಬೇಕು. ಅಮೆರಿಕದ ಸಿನ್ಸಿನಾಟಿಯ ಜೆಫ್ರಿ ಮೊಲ್ಕೆಂಟಿನ್ ಅವರ ತಂಡ 2019ರಲ್ಲಿ, ಗಾಯವಾದ ಇಲಿಯ ಹೃದಯಕ್ಕೆ ಮೂರು ಬಗೆಯ ಇಂಜೆಕ್ಷನ್ ಕೊಟ್ಟಿತು. ಕೆಲವಕ್ಕೆ ಜೀವಂತ ಆಕರಕೋಶ. ಕೆಲವಕ್ಕೆ ಹೆಪ್ಪುಗಟ್ಟಿಸಿ ಕರಗಿಸಿ ಸಾಯಿಸಿದ ಕೋಶ. ಇನ್ನು ಕೆಲವಕ್ಕೆ ಕೋಶವೇ ಅಲ್ಲ, ಯೀಸ್ಟ್‌ನಿಂದ ತೆಗೆದ ಒಂದು ವಸ್ತು. ಮೂರರಲ್ಲೂ ಹೃದಯ ಸ್ವಲ್ಪ ಸುಧಾರಿಸಿತು! ಹೊಸ ಸ್ನಾಯು ಯಾವುದರಲ್ಲೂ ಹುಟ್ಟಲಿಲ್ಲ. ಹೊರಗಿನದು ಏನೇ ಬಿದ್ದರೂ ಮೈಯ ರಕ್ಷಣಾ ಕೋಶಗಳು ಓಡಿಬರುತ್ತವೆ. ಅವು ಗಾಯದ ಕಲೆಯನ್ನು ಸ್ವಲ್ಪ ಸರಿಪಡಿಸಿ ಗಟ್ಟಿ ಮಾಡುತ್ತವೆ. ಕಾಲುವೆಯ ಏರಿ ಗಟ್ಟಿಯಾದರೆ ನೀರು ಚೆನ್ನಾಗಿ ಹರಿಯುವುದಿಲ್ಲವೇ, ಹಾಗೆ. ಅಂದರೆ ಇಲಿಗಳಲ್ಲಿ ಕಂಡ ಸುಧಾರಣೆ ಪೂರ್ತಿ ಸುಳ್ಳಲ್ಲ. ಅದಕ್ಕೆ ಕೊಟ್ಟ ಕಾರಣ ತಪ್ಪಾಗಿತ್ತು. "ಚಿಗುರುತ್ತದೆ" ಅನ್ನುವ ಮಾತಿಗೆ ಆಧಾರ ಉಳಿಯಲಿಲ್ಲ.

"ಹಂಗಾದ್ರೆ ಆಸೇನೇ ಇಲ್ವಾ?" ಅಂದರು ದೊಡ್ಡಪ್ಪ.

ಇದೆ, ಬೇರೆ ದಾರಿಯಲ್ಲಿ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ, ಬೆಳೆದ ಸಾಮಾನ್ಯ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಭ್ರೂಣದ ಕೋಶದಂತೆ ಮಾಡಬಹುದು ಅಂತ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಆ ಕೋಶದಿಂದ ತಟ್ಟೆಯಲ್ಲಿ ನಿಜವಾದ, ಬಡಿಯುವ ಹೃದಯದ ಸ್ನಾಯು ಬೆಳೆಸಬಹುದು. ಜರ್ಮನಿಯ ಗೋಟಿಂಗನ್‌ನಲ್ಲಿ ಅಂಥ ಸ್ನಾಯುವಿನ ತೇಪೆಗಳನ್ನು ಮೊದಲು ಕೋತಿಗಳಿಗೆ, ಆಮೇಲೆ 46 ವರ್ಷದ ಒಬ್ಬ ಮಹಿಳೆಯ ಹೃದಯಕ್ಕೆ ಹೊಲಿದರು. ಮೂರು ತಿಂಗಳ ನಂತರ ಅವರಿಗೆ ಬೇರೆ ಹೃದಯ ಕಸಿಯಾಯಿತು. ಹೊರತೆಗೆದ ಹಳೆ ಹೃದಯದಲ್ಲಿ ತೇಪೆಯ ಕೋಶಗಳು ಜೀವಂತವಾಗಿದ್ದವು. ಇದು ಪ್ರಕಟವಾದದ್ದು 2025ರ ಜನವರಿಯಲ್ಲಿ. ಹೊಸ ಸ್ನಾಯು ಹಳೆಯದರ ತಾಳಕ್ಕೆ ಸೇರದಿದ್ದರೆ ಬಡಿತ ಏರುಪೇರಾಗುವ ಅಪಾಯವಿದೆ, ದೇಹ ತಿರಸ್ಕರಿಸದಂತೆ ಮಾತ್ರೆಯೂ ಬೇಕು. ಇದೂ ಚೀಟಿ ಎತ್ತಿ ಹಂಚುವ ದೊಡ್ಡ ಪರೀಕ್ಷೆ ದಾಟಿ ಬರಬೇಕು.

ಅಲ್ಲಿಯವರೆಗೆ ದೊಡ್ಡಪ್ಪನ ಫೈಲಿನಲ್ಲೇ ಇರುವ ಮಾತ್ರೆಗಳು ಅಂಥ ಪರೀಕ್ಷೆ ದಾಟಿ ಬಂದಿವೆ. ಸ್ಪೈರೊನೊಲ್ಯಾಕ್ಟೋನ್ ಅನ್ನುವ ಹಳೆಯ, ಅಗ್ಗದ ಮಾತ್ರೆಯನ್ನು ಹೃದಯ ತೀರಾ ಸೋತ 1,663 ರೋಗಿಗಳಲ್ಲಿ ನೋಡಿದ್ದರು. ಸಾವಿನ ಅಪಾಯ ನೂರಕ್ಕೆ 30ರಷ್ಟು ಇಳಿಯಿತು ಅಂತ 1999ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಗೆ ಅಂತ ಬಂದ ಡಾಪಾಗ್ಲಿಫ್ಲೋಜಿನ್ ಅನ್ನು 4,744 ಜನರಲ್ಲಿ ನೋಡಿದರು, ಅದೂ 2019ರಲ್ಲಿ ಗೆದ್ದಿತು. ಬಣ್ಣದ ಕಾಗದದಲ್ಲಿ ಇವು ಬರುವುದಿಲ್ಲ. ದೊಡ್ಡಪ್ಪ ಇವುಗಳಲ್ಲಿ ಒಂದನ್ನು, ಉಚ್ಚೆ ಜಾಸ್ತಿ ಬರುತ್ತೆ ಅಂತ ಎರಡು ವಾರದಿಂದ ಬಿಟ್ಟಿದ್ದರು! ನನಗೆ ಆವತ್ತು ಸಿಟ್ಟು ಬಂದದ್ದು ಅದಕ್ಕೆ ಮಾತ್ರ.

ಸೋಡಾ ಕುಡಿದು ಕೂತ ಆ ಐದು ಗಂಟೆಯ ಮಾತನ್ನೂ ಎತ್ತಿದೆ. ಸತ್ತ ಸ್ನಾಯು ಹುಟ್ಟಿಸುವುದಕ್ಕಿಂತ ಸಾಯದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದು ಅದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಎದೆ ಉರಿ, ಎಡಗೈ ಸೆಳೆತ, ಬೆವರು ಬಂದರೆ ಸೋಡಾ ಹುಡುಕದೆ ಅಲ್ಲಿಗೆ ಓಡಬೇಕು.

ಇನ್ನು ಆ ಕಾಗದ. ನಮ್ಮ ದೇಶದಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿ ಬಿಟ್ಟರೆ, ಬೇರೆ ಯಾವುದಕ್ಕೇ ಸ್ಟೆಮ್ ಸೆಲ್ ಕೊಡುವುದಾದರೂ ಅದು ಪರೀಕ್ಷೆಯ ಹಂತದ್ದು. ಔಷಧ ನಿಯಂತ್ರಕರ ಒಪ್ಪಿಗೆ, ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಯಿಂದ ಅದಕ್ಕೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಪರೀಕ್ಷೆಯನ್ನು ಸಿ.ಟಿ.ಆರ್.ಐ. ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. ಅದು 2009ರಿಂದ ಕಡ್ಡಾಯ. ಯಾರು ಬೇಕಾದರೂ ತೆರೆದು ನೋಡಬಹುದು.

ದೊಡ್ಡಪ್ಪ ಅಲ್ಲೇ ಕೂತು ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದರು. "ಸಿ.ಟಿ.ಆರ್.ಐ. ನಂಬರ್ ಹೇಳಮ್ಮ" ಅಂದರು. ಆ ಕಡೆಯ ಹುಡುಗಿ, "ಅದೆಲ್ಲ ಡಾಕ್ಟರ್ ಹತ್ರ ಇರುತ್ತೆ ಸರ್, ನೀವು ಅಡ್ವಾನ್ಸ್ ಕಟ್ಟಿ ಡೇಟ್ ತಗೊಳ್ಳಿ" ಅಂದಳು. "ಪರೀಕ್ಷೆ ಅಂದ್ಮೇಲೆ ದುಡ್ಡು ಯಾಕೆ ತಗೋತೀರಮ್ಮ?" ಅಂದರು. ಫೋನ್ ಕಟ್ಟಾಯಿತು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು. "ಆ ಮುಂದಿನ ಗೋಡೆ ಹಂಗೇ ಇರುತ್ತೇನಮ್ಮ?"

"ಹಂಗೇ ಇರುತ್ತೆ ದೊಡ್ಡಪ್ಪ. ಉಳಿದಿರೋ ಗೋಡೆ ಚೆನ್ನಾಗಿ ಕೆಲಸ ಮಾಡೋ ಹಾಗೆ ನೋಡ್ಕೋಬೇಕು."

ಬಿಟ್ಟ ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಮೂರು ತಿಂಗಳಿಗೆ ಮತ್ತೆ ಎಕೋ ಇದೆ. ಅದನ್ನು ನಾನು ಮಾಡುವುದಿಲ್ಲ. ಅವರನ್ನು ಈ ಮೊದಲು ನೋಡಿಲ್ಲದ ಒಬ್ಬರ ಕೈಯಲ್ಲಿ ಮಾಡಿಸುತ್ತೇನೆ, 32, 38, 35 ಈ ಮೂರರಲ್ಲಿ ಒಂದನ್ನೂ ಅವರಿಗೆ ಹೇಳದೆ.